ಕೆಂಪಿಗೆ ಹೊಣೆ ಕಟ್ಟಿ

ನೆರೆ ಬಂದಾಗ ಚಿತ್ರ ತಾನಾಗಿಯೇ ಸಿಗುತ್ತದೆ. ಕೊಚ್ಚಿಹೋದ ಸೇತುವೆ, ಮಾಳಿಗೆಯ ಮೇಲೆ ನಿಂತು ಕೈಬೀಸುವ ಕುಟುಂಬ, ದೋಣಿಯಲ್ಲಿ ಕುಳಿತ ಮುದುಕಿ. ಚಂಡಮಾರುತಕ್ಕೆ ಬುಡಮೇಲಾದ ತೆಂಗಿನ ಮರಗಳಿವೆ, ಭೂಕುಸಿತಕ್ಕೆ ಸೀಳಿ ನಿಂತ ಗುಡ್ಡವಿದೆ. ಬಿಸಿಲು ಮಾತ್ರ ಗುರುತು ಉಳಿಸದೆ ಕೊಲ್ಲುತ್ತದೆ. ದಿನವಿಡೀ ಜಲ್ಲಿ ಹೊತ್ತ ದೇಹ ರಾತ್ರಿ ತಗಡಿನ ಮಾಡಿನ ಕೆಳಗೆ ಮಲಗುತ್ತದೆ. ತಗಡು ಹಗಲೆಲ್ಲ ಕುಡಿದ ಬೆಂಕಿಯನ್ನು ಇರುಳೆಲ್ಲ ಉಗುಳುತ್ತದೆ. ತಣಿಯಲು ಎಡೆಯೇ ಸಿಗದ ಆ ದೇಹ ಬೆಳಗಾಗುವ ಮೊದಲೇ ಸೋಲುತ್ತದೆ. ಮರಣಪತ್ರದಲ್ಲಿ ಹೃದಯಾಘಾತ ಎಂದೋ ಮೂತ್ರಪಿಂಡದ ವೈಫಲ್ಯ ಎಂದೋ ಬರೆದಿರುತ್ತಾರೆ. ಕೊಂದ ಬಿಸಿಲಿನ ಹೆಸರು ಆ ಕಾಗದದಲ್ಲಿ ಬರುವುದು ಅಪರೂಪ.

ನಮ್ಮ ಪತ್ರಿಕೆಗಳಲ್ಲಿ ಬೇಸಿಗೆಯ ಚಿತ್ರ ಯಾವುದೆಂದು ನೆನಪಿಸಿಕೊಳ್ಳಿ. ರಸ್ತೆಬದಿ ಗುಡ್ಡೆ ಹಾಕಿದ ಕಲ್ಲಂಗಡಿ, ಎಳನೀರಿನ ಗಾಡಿ, ದುಪಟ್ಟಾ ತಲೆಗೆ ಸುತ್ತಿಕೊಂಡ ಕಾಲೇಜು ಹುಡುಗಿಯರು, ಬಾವಿಗೆ ಧುಮುಕುವ ಮಕ್ಕಳು. ಯುರೋಪಿನ ಕಥೆಯೂ ಬೇರೆಯಲ್ಲ. 2019ರ ಬಿಸಿಗಾಳಿಯ ಸುದ್ದಿಗೆ ಬ್ರಿಟನ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳ ಮಾಧ್ಯಮಗಳು ಬಳಸಿದ ಚಿತ್ರಗಳನ್ನು ಎಕ್ಸೆಟರ್ ವಿಶ್ವವಿದ್ಯಾಲಯದ ಸ್ಯಾಫ್ರನ್ ಓನೀಲ್ ಮತ್ತು ಸಂಗಡಿಗರು ಪರಿಶೀಲಿಸಿದರು. ಎದ್ದು ಕಂಡದ್ದು ನೀರಾಟ, ಕಡಲತೀರ, ಬಿಸಿಲಿನ ಮೋಜು. ಸುದ್ದಿ ಅಪಾಯವನ್ನು ಹೇಳುತ್ತಿದ್ದರೆ ಚಿತ್ರ ರಜೆಯನ್ನು ಹೇಳುತ್ತಿತ್ತು. ಅದೇ ಯುರೋಪಿನಲ್ಲಿ 2022ರ ಒಂದೇ ಬೇಸಿಗೆ 61,000ಕ್ಕೂ ಹೆಚ್ಚು ಜೀವಗಳನ್ನು ತೆಗೆಯಿತೆಂದು ಸಂಶೋಧಕರು ಆಮೇಲೆ ಅಂದಾಜು ಮಾಡಿದರು. ಸಾವಿನ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವ ನಾಡುಗಳ ಸಂಖ್ಯೆ ಇದು. ನಮ್ಮಲ್ಲಿ ಎಷ್ಟೋ ಸಾವಿಗೆ ವೈದ್ಯರ ದೃಢೀಕರಣವೇ ಇರುವುದಿಲ್ಲ.

ಕಾಣದ್ದನ್ನು ಕಾಣಿಸುವ ಕೆಲಸ ಕಲೆಯದು. ಅದರಲ್ಲೂ ಅಂಕಿಗೆ ಬಣ್ಣ ಕೊಡಬಲ್ಲ, ತಾಪಕ್ಕೆ ದನಿ ಕೊಡಬಲ್ಲ, ಇನ್ನೂ ಬಾರದ ಬೇಸಿಗೆಯನ್ನು ಇಂದೇ ಕಣ್ಣೆದುರು ನಿಲ್ಲಿಸಬಲ್ಲ ಶಕ್ತಿ ಡಿಜಿಟಲ್ ಕಲೆಗಿದೆ. ಆ ಶಕ್ತಿಯಲ್ಲಿ ನಂಬಿಕೆ ಇಟ್ಟೇ ಈ ಕರೆ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬಣ್ಣ, ಬೆಳಕು, ದನಿಗಳನ್ನು ಹೆಣೆಯುವ ಗೆಳೆಯರೇ, ಇದು ಮೊದಲು ನಿಮಗೆ. ನಿಮ್ಮ ಕೆಲಸವನ್ನು ನೋಡಿ ಚಪ್ಪಾಳೆ ತಟ್ಟುವ ನಮಗೂ.

ಈ ದಾರಿಯಲ್ಲಿ ಈಗಾಗಲೇ ದೊಡ್ಡ ಕೆಲಸಗಳು ಆಗಿವೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಪಟ್ಟೆಗಳ ಚಿತ್ರವೊಂದನ್ನು ರಚಿಸಿದರು. ವರ್ಷಕ್ಕೊಂದು ಲಂಬ ಪಟ್ಟೆ. ಸರಾಸರಿಗಿಂತ ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು. ಅಂಕಿಯಿಲ್ಲ, ಅಕ್ಷರವಿಲ್ಲ. ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ನೀಲಿ ತೆಳುವಾಗಿ, ಕೆಂಪು ಇಣುಕಿ, ಕೊನೆಯಲ್ಲಿ ಹೆಪ್ಪುಗಟ್ಟಿದ ರಕ್ತದ ಬಣ್ಣ. ಇದಕ್ಕೂ ಮೊದಲು ಅದೇ ವಿಶ್ವವಿದ್ಯಾಲಯದ ವಿಜ್ಞಾನಿ ಎಲೀ ಹೈವುಡ್ ಇದೇ ಬಗೆಯಲ್ಲಿ ವರ್ಷಕ್ಕೊಂದು ಬಣ್ಣದ ನೂಲು ಹಿಡಿದು ಮಗುವಿನ ಹೊದಿಕೆ ಹೆಣೆದಿದ್ದರು. ಹಾಕಿನ್ಸ್ ಅವರ ಪಟ್ಟೆಗಳು ಜಗತ್ತು ಸುತ್ತಿದವು. ರೆಡಿಂಗ್ ಊರಿನ ಫುಟ್‌ಬಾಲ್ ಕ್ಲಬ್ ತನ್ನ ಆಟಗಾರರ ತೋಳಿನ ಮೇಲೆ ಅವನ್ನು ಧರಿಸಿತು. ಭಾರತಕ್ಕೂ ಇಂಥ ಪಟ್ಟೆಗಳಿವೆ. 1901ರಿಂದ ಇಟ್ಟ ದಾಖಲೆಯಲ್ಲಿ 2024 ನಮ್ಮ ದೇಶದ ಅತಿ ಬಿಸಿಯ ವರ್ಷವೆಂದು ಹವಾಮಾನ ಇಲಾಖೆ ಸಾರಿದ ಮೇಲೆ ಬಲತುದಿಯ ಕೆಂಪು ಇನ್ನಷ್ಟು ಗಾಢವಾಗಿದೆ.

ಹಾಕಿನ್ಸ್ ಅವರ ಪಟ್ಟೆಗಳಿಗೂ ಬಹಳ ಮುಂಚೆ, 2004ರಲ್ಲಿ, ಅಮೆರಿಕದ ಕಲಾವಿದೆ ಆಂಡ್ರಿಯಾ ಪೋಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬೇಸಿಗೆಗೆ ದನಿ ಕೊಟ್ಟರು. ಹವಾಮಾನ ವಿಜ್ಞಾನಿಗಳ ಜೊತೆ ಕುಳಿತು, ಅಲ್ಲಿ ದಾಖಲಾದ ತಾಪವನ್ನೂ ಮುಂದಿನ ದಶಕಗಳ ಮುನ್ಸೂಚನೆಯನ್ನೂ ಶಬ್ದವಾಗಿ ಪರಿವರ್ತಿಸಿದರು. ಕೃತಿಯ ಹೆಸರು ‘ಹೀಟ್ ಅಂಡ್ ದ ಹಾರ್ಟ್‌ಬೀಟ್ ಆಫ್ ದ ಸಿಟಿ’. 2080ರ ದಶಕದ ಬೇಸಿಗೆಯನ್ನು ಅಂದೇ ಕಿವಿಯಿಂದ ಕೇಳಬಹುದಿತ್ತು. ಪೋಲಿ ಅವರಿಗೆ ಅಂದು ಭವಿಷ್ಯವಾಗಿದ್ದ 2020ರ ದಶಕದ ಬೇಸಿಗೆಗಳಲ್ಲಿ ನಾವಿಂದು ಬದುಕುತ್ತಿದ್ದೇವೆ. ಎಚ್ಚರಿಕೆ ಸಕಾಲಕ್ಕೆ ಬಂದಿತ್ತು. ಕೇಳಿದವರು ತಲೆದೂಗಿ ಮನೆಗೆ ಹೋದರು.

ಐರ್ಲೆಂಡಿನ ಜಾನ್ ಜೆರಾರ್ಡ್ 2017ರಲ್ಲಿ ‘ವೆಸ್ಟರ್ನ್ ಫ್ಲ್ಯಾಗ್’ ಎಂಬ ಬಾವುಟ ರಚಿಸಿದರು. ಟೆಕ್ಸಸ್‌ನ ಸ್ಪಿಂಡಲ್‌ಟಾಪ್ ಎಂಬಲ್ಲಿ 1901ರ ಜನವರಿ 10ರಂದು ನೆಲ ಸೀಳಿಕೊಂಡು ಕಚ್ಚಾತೈಲ ಚಿಮ್ಮಿತು. ಅಮೆರಿಕದ ತೈಲಯುಗ ಭೋರ್ಗರೆದದ್ದು ಅಲ್ಲಿಂದ. ಇಂದು ಅದು ಬರಡಾಗಿ ಬಿದ್ದ ನೆಲ. ಜೆರಾರ್ಡ್ ಆ ನೆಲವನ್ನು ಕಂಪ್ಯೂಟರಿನೊಳಗೆ ಮರುಸೃಷ್ಟಿಸಿ, ನಡುವೆ ಒಂದು ಕಂಬ ನೆಟ್ಟರು. ಕಂಬದ ತುದಿಯಿಂದ ಕಪ್ಪು ಹೊಗೆ ಎಡೆಬಿಡದೆ ಹೊಮ್ಮಿ ಬಾವುಟದಂತೆ ಹಾರುತ್ತದೆ. ಟೆಕ್ಸಸ್‌ನಲ್ಲಿ ಸೂರ್ಯ ಹುಟ್ಟಿದಾಗ ಚಿತ್ರದಲ್ಲೂ ಬೆಳಗು, ಅಲ್ಲಿ ಮುಳುಗಿದಾಗ ಇಲ್ಲೂ ಇರುಳು. ಅದಕ್ಕೆ ಆರಂಭವಿಲ್ಲ, ಮುಕ್ತಾಯವಿಲ್ಲ. ಇಂಗಾಲದ ಡೈ ಆಕ್ಸೈಡ್ ಕಣ್ಣಿಗೆ ಕಾಣದ ಅನಿಲ. ಆ ಕಾಣದ ಅಪರಾಧಕ್ಕೆ ಜೆರಾರ್ಡ್ ಒಂದು ಸ್ಥಳ ಕೊಟ್ಟರು, ಒಂದು ತಾರೀಖು ಕೊಟ್ಟರು. ‘ಮನುಕುಲ ತಪ್ಪು ಮಾಡಿತು’ ಎಂಬ ತೇಲುಮಾತು ಅಲ್ಲಿಲ್ಲ. ಈ ನೆಲದಲ್ಲಿ, ಈ ದಿನ, ಇಂಥದ್ದು ಶುರುವಾಯಿತು ಎಂಬ ಸಾಕ್ಷ್ಯವಿದೆ.

ಇನ್ನೊಂದು ಕೃತಿಯನ್ನು ಹೇಳಲೇಬೇಕು. ಅದರ ವಸ್ತು ಹವಾಮಾನವಲ್ಲ, ನಿರಾಶ್ರಿತರ ಬದುಕು. ಕಲಾವಿದ ರಿಚರ್ಡ್ ಮಾಸ್ ತಮ್ಮ ‘ಇನ್‌ಕಮಿಂಗ್’ ಚಿತ್ರಕ್ಕೆ ಬಳಸಿದ್ದು ತಾಪವನ್ನಷ್ಟೇ ನೋಡಬಲ್ಲ ಸೇನಾ ಕ್ಯಾಮೆರಾ. 30 ಕಿಲೋಮೀಟರಿಗೂ ಆಚೆಯ ಮನುಷ್ಯದೇಹವನ್ನು ಅದರ ಬಿಸಿಯಿಂದಲೇ ಗುರುತಿಸುವ ಯಂತ್ರ ಅದು. ಬೇಟೆಗೆಂದು ಹುಟ್ಟಿದ ಕಣ್ಣನ್ನು ಮಾಸ್ ಗಡಿಗಳಲ್ಲಿ, ಶಿಬಿರಗಳಲ್ಲಿ, ದೋಣಿಗಳಲ್ಲಿ ತತ್ತರಿಸುವವರ ಕಡೆ ತಿರುಗಿಸಿದರು. ಚರ್ಮದ ಬಣ್ಣ ಅಲ್ಲಿ ಅಳಿಸಿಹೋಗುತ್ತದೆ. ಉಳಿಯುವುದು ಉಸಿರು, ಬೆವರು, ಮೈಬಿಸಿ. ಬಿಸಿಲಿನ ಕಲೆ ಕೊನೆಗೆ ಬಂದು ನಿಲ್ಲಬೇಕಾದ ಜಾಗ ಆ ಮೈಬಿಸಿಯೇ ಎಂದು ನನ್ನ ನಂಬಿಕೆ. ಭೂಮಿಯ ಸರಾಸರಿ ಎಷ್ಟು ಏರಿತೆಂಬುದು ಒಂದು ಸಂಗತಿ. ಆ ಏರಿಕೆ ಯಾರ ಬೆನ್ನಿನ ಮೇಲೆ ಕುಳಿತಿದೆ ಎಂಬುದು ನಮ್ಮ ನಿದ್ದೆ ಕೆಡಿಸಬೇಕಾದ ಸಂಗತಿ.

ಆ ಬೆನ್ನಿಗೆ ಏನಾಗುತ್ತದೆ ಎಂಬುದು ನಿಗೂಢವೇನಲ್ಲ. ದೇಹ ತನ್ನನ್ನು ತಣಿಸಿಕೊಳ್ಳುವುದು ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿಯುತ್ತದೆ, ಆರುವುದಿಲ್ಲ. ತಾಪ ಮತ್ತು ತೇವ ಎರಡನ್ನೂ ಕೂಡಿಸಿ ಹೇಳುವ ಅಳತೆ ವೆಟ್ ಬಲ್ಬ್ ಉಷ್ಣಾಂಶ. ಅದು 35 ಡಿಗ್ರಿ ಮುಟ್ಟಿದರೆ ಮನುಷ್ಯ ಬದುಕಲಾರ ಎಂದು 2010ರಲ್ಲಿ ವಿಜ್ಞಾನಿಗಳು ಸಿದ್ಧಾಂತದಿಂದ ಲೆಕ್ಕ ಹಾಕಿದರು. 2022ರಲ್ಲಿ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಆರೋಗ್ಯವಂತ ಯುವಜನರನ್ನೇ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ 31 ಡಿಗ್ರಿಯ ಆಸುಪಾಸಿನಲ್ಲೇ ದೇಹ ಸಮತೋಲ ಕಳೆದುಕೊಳ್ಳತೊಡಗಿತು. ಹಗುರ ಚಟುವಟಿಕೆಯಲ್ಲಿದ್ದ ಯುವಕರ ಮಿತಿ ಇಷ್ಟಾದರೆ, ಭಟ್ಟಿಯಿಂದ ಇಟ್ಟಿಗೆ ಹೊರುವ ಬಸುರಿಯ ಮಿತಿ ಎಷ್ಟು? ಡಾಂಬರು ಸುರಿಯುವ, ವಯಸ್ಸು ಐವತ್ತು ದಾಟಿದ, ಸಕ್ಕರೆ ಕಾಯಿಲೆಯ ಕೂಲಿಯ ಮಿತಿ ಎಷ್ಟು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜಿಸಿದಂತೆ, 2030ರ ಹೊತ್ತಿಗೆ ಭಾರತ ತಾಪದ ಹೊಡೆತಕ್ಕೆ ಶೇ 5.8ರಷ್ಟು ದುಡಿಮೆಯ ಗಂಟೆಗಳನ್ನು ಕಳೆದುಕೊಳ್ಳಲಿದೆ. ಅದು 3.4 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ. ದಿನಗೂಲಿಯ ಮನೆಯಲ್ಲಿ ಕಳೆದುಹೋದ ಒಂದು ಗಂಟೆಯೆಂದರೆ ಆ ರಾತ್ರಿಯ ಒಲೆಯಲ್ಲಿ ಕಡಿಮೆಯಾದ ಅಕ್ಕಿ.

ಈಗ ನೇರವಾಗಿ ಹೇಳುತ್ತೇನೆ. ಈ ಎಲ್ಲ ಸಂಕಟವನ್ನು ಹೇಳುವ ಕೃತಿಯನ್ನು ನಾವು ಎಲ್ಲಿ ನೋಡುತ್ತೇವೆ? 20 ಡಿಗ್ರಿಗೆ ತಣಿಸಿದ ಗ್ಯಾಲರಿಯಲ್ಲಿ. ಗೋಡೆ ತುಂಬ ಕೆಂಪು ಅಲೆಗಳು ಉರುಳುತ್ತವೆ, ಮೃದು ಆಸನದಲ್ಲಿ ಕುಳಿತು ನೋಡುತ್ತೇವೆ, ಆ ಕೆಂಪನ್ನೇ ಹಿನ್ನೆಲೆ ಮಾಡಿಕೊಂಡು ಒಂದು ಫೋಟೊ ತೆಗೆದುಕೊಳ್ಳುತ್ತೇವೆ. ಹೊರಗೆ ಬಾಗಿಲು ಕಾಯುವ ಸೆಕ್ಯುರಿಟಿಯವರು ಬಿಸಿಲಿನಲ್ಲೇ ನಿಂತಿರುತ್ತಾರೆ. ಅವರಿಗೆ ಒಂದು ಕೊಡೆ, ಒಂದು ಕುರ್ಚಿ, ಒಂದು ಹೂಜಿ ನೀರು ಇಡಬೇಕೆಂದು ಒಳಗಿನ ಆ ಕೆಂಪು ನಮಗೆ ನೆನಪಿಸದಿದ್ದರೆ ಅದು ಇನ್ನೂ ತನ್ನ ಕೆಲಸ ಶುರು ಮಾಡಿಲ್ಲ. ಬಿಸಿಲನ್ನು ಅನುಭವಿಸುವವರು ಕೃತಿಯನ್ನು ನೋಡುವುದಿಲ್ಲ, ಕೃತಿಯನ್ನು ನೋಡುವವರು ಬಿಸಿಲನ್ನು ಅನುಭವಿಸುವುದಿಲ್ಲ. ಈ ಗೋಡೆ ಒಡೆಯದ ಹೊರತು ನಾವು ಬೇರೆಯವರ ಬೇಗೆಯನ್ನು ಅಲಂಕಾರವಾಗಿ ಬಳಸಿಕೊಳ್ಳುತ್ತಿದ್ದೇವೆ ಅಷ್ಟೆ.

ಕೆಂಪು ಬಣ್ಣ ಜೀವ ಉಳಿಸಿದ ಊರೊಂದು ನಮ್ಮ ದೇಶದಲ್ಲೇ ಇದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವು ಎಂದು ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ನಗರಪಾಲಿಕೆ, ವೈದ್ಯರು, ವಿಜ್ಞಾನಿಗಳು ಸೇರಿ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ತಾಪ ನಿರ್ವಹಣಾ ಯೋಜನೆ ರೂಪಿಸಿದರು. ಅದರ ತಿರುಳು ಬಣ್ಣ. 41.1 ಡಿಗ್ರಿ ತಲುಪಿದರೆ ಹಳದಿ, 43.1ಕ್ಕೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಒಂದೊಂದು ಬಣ್ಣಕ್ಕೂ ಒಂದೊಂದು ಹೊಣೆ. ಮುನ್ಸೂಚನೆ ಬಂದ ಕೂಡಲೇ ಜನರ ಫೋನಿಗೆ ಸಂದೇಶ ಹೋಗಬೇಕು, ಆಸ್ಪತ್ರೆಗಳು ಸಜ್ಜಾಗಬೇಕು, ಕುಡಿಯುವ ನೀರಿನ ಅರವಟಿಗೆ ತೆರೆಯಬೇಕು. ಬಡಾವಣೆಗಳ ಮಾಡಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಆಮೇಲೆ ಯೋಜನೆಗೆ ಸೇರಿತು. ಆ ಯೋಜನೆ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಿತೆಂದು ನಂತರದ ಅಧ್ಯಯನ ಅಂದಾಜಿಸಿದೆ.

ಹಾಕಿನ್ಸ್ ಅವರ ಪಟ್ಟೆಯಲ್ಲೂ ಕೆಂಪಿದೆ, ಅಹಮದಾಬಾದಿನ ಫಲಕದಲ್ಲೂ ಕೆಂಪಿದೆ. ಮೊದಲನೆಯದು ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಎರಡನೆಯದು ಒಬ್ಬ ಅಧಿಕಾರಿಯನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ಈ ಎರಡು ಕೆಂಪುಗಳು ಒಂದಾಗಬೇಕು ಎಂಬುದೇ ನನ್ನ ಕರೆ. ಬೆಚ್ಚಿಬೀಳಿಸುವ ಬಲ ಕಲಾವಿದರ ಕೈಯಲ್ಲಿದೆ, ಎಬ್ಬಿಸುವ ಬಲ ಆಡಳಿತದ ಕೈಯಲ್ಲಿದೆ. ನಡುವೆ ಸೇತುವೆ ಕಟ್ಟಬೇಕಾದವರು ನಾಗರಿಕರಾದ ನಾವು.

ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಜಾಗ ಹುಡುಕಬೇಕಿಲ್ಲ. ರಾಯಚೂರು, ಕಲಬುರಗಿ, ಯಾದಗಿರಿಗಳಲ್ಲಿ ಪ್ರತಿ ಬೇಸಿಗೆ ತಾಪ 40 ಡಿಗ್ರಿ ದಾಟುವುದು ವಾಡಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ನ್ಯಾಯವಾದ ಕ್ರಮ, ಸ್ವಾಗತ. ಆದರೆ ಕಚೇರಿಯ ಬಾಗಿಲು ಮುಚ್ಚಿದ ಆ ಹೊತ್ತಿಗೆ ಅದರ ಎದುರಿನ ರಸ್ತೆಗೆ ಡಾಂಬರು ಹಾಕುವವರ ದುಡಿಮೆ ಮುಗಿದಿರುವುದಿಲ್ಲ. ಮೆಣಸಿನಕಾಯಿ ಕಣದಲ್ಲಿ, ಹತ್ತಿ ಗಿರಣಿಯಲ್ಲಿ, ತೊಗರಿ ಬೇಳೆಯ ಮಿಲ್ಲಿನಲ್ಲಿ, ಶಹಾಬಾದ ಕಲ್ಲಿನ ಗಣಿಯಲ್ಲಿ ಇರುವವರಿಗೆ 1.30ರ ಗಂಟೆ ಬಾರಿಸುವವರಿಲ್ಲ. ಫೈಲಿಗೆ ಸಿಕ್ಕ ನೆರಳು ಗುದ್ದಲಿಗೆ ಏಕೆ ಸಿಗಲಿಲ್ಲ?

ಇದೇ ರಾಯಚೂರು ನಾಡಿಗೆ ಬೆಳಕನ್ನೂ ಕೊಡುತ್ತದೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಉರಿಯತೊಡಗಿದ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ ಈಗ 1,720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ ಇನ್ನೂ 1,600. ಶರಾವತಿಯ ನೀರು, ಪಾವಗಡದ ಸೌರಫಲಕ, ಗದಗದ ಗಾಳಿಯಂತ್ರಗಳೂ ವಿದ್ಯುತ್ ಕೊಡುತ್ತವೆ, ನಿಜ. ಆದರೂ ಬೇಸಿಗೆಯ ಸಂಜೆ ಬೆಂಗಳೂರಿನ ಗೋಡೆಯೊಂದು ಡಿಜಿಟಲ್ ಕೆಂಪಿನಿಂದ ಬೆಳಗುವಾಗ ಆ ಬೆಳಕಿನ ಒಂದು ಪಾಲು ರಾಯಚೂರಿನ ಕುಲುಮೆಯಿಂದ ಬಂದಿರುತ್ತದೆ. ಹಾರುಬೂದಿ ಅಲ್ಲೇ ಉಳಿಯುತ್ತದೆ, ಬೆಳಕು ಮಾತ್ರ ರಾಜಧಾನಿಗೆ ಹರಿಯುತ್ತದೆ. ರಾಜ್ಯದಲ್ಲೇ ಬಿಸಿಲು ಹೆಚ್ಚು ತಿನ್ನುವ ಜಿಲ್ಲೆಗಳಲ್ಲೊಂದು, ಕೇಂದ್ರ ಸರ್ಕಾರವೇ ಹಿಂದುಳಿದ ಜಿಲ್ಲೆಗಳ ಪಟ್ಟಿಗೆ ಸೇರಿಸಿದ ಜಿಲ್ಲೆ, ನಾವು ಬಿಸಿಲಿನ ಬಗ್ಗೆ ಚಿತ್ರ ನೋಡಲೆಂದು ಕಲ್ಲಿದ್ದಲು ಉರಿಸುತ್ತಿದೆ. ಜೆರಾರ್ಡ್ ಸ್ಪಿಂಡಲ್‌ಟಾಪ್‌ಗೆ ಮಾಡಿದ್ದನ್ನು ಶಕ್ತಿನಗರಕ್ಕೆ ಮಾಡಬಲ್ಲ ಕನ್ನಡದ ಕಲಾವಿದ ಯಾರು? ನಾನು ಕಾಯುತ್ತಿದ್ದೇನೆ.

ಬೆಂಗಳೂರಿಗೂ ಈಗ ತಂಪಾದ ಊರು ಎಂಬ ಹಳೆಯ ಹೆಸರು ಒಪ್ಪುವುದಿಲ್ಲ. 2024ರ ಜನವರಿಯಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು ತನ್ನ ಹೊಸ ಕಟ್ಟಡದ ಬಾಗಿಲು ತೆರೆದದ್ದು ಇಂಗಾಲವನ್ನೇ ವಸ್ತುವಾಗಿಸಿದ ಪ್ರದರ್ಶನದೊಂದಿಗೆ. ಕಲೆ ಮತ್ತು ವಿಜ್ಞಾನ ಕೈಹಿಡಿದು ನಡೆಯಬಲ್ಲವು ಎಂದು ಅದು ತೋರಿಸಿತು. ಆ ಮಾರ್ಚ್‌ನಲ್ಲಿ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತವು. ಏಪ್ರಿಲ್ 28ರಂದು ತಾಪ 38.5 ಡಿಗ್ರಿ ಮುಟ್ಟಿತು. ನಗರದ ಸಾರ್ವಕಾಲಿಕ ದಾಖಲೆಯಾದ 39.2 ಡಿಗ್ರಿ ಕೂಡ ಈಚಿನದೇ, 2016ರ ಏಪ್ರಿಲ್‌ನದು. ಕೆರೆ ಮುಚ್ಚಿ, ಮರ ಕಡಿದು, ಗಾಜಿನ ಗೋಡೆ ಎಬ್ಬಿಸಿದ ನಗರ ಹಗಲಿನ ಕಾವನ್ನು ರಾತ್ರಿಗೂ ಹಿಡಿದಿಡುತ್ತದೆ. ಅದರ ನಡುವೆ ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಹೋಗುವ ಹುಡುಗ ನಮ್ಮ ಊಟ ಬಿಸಿಯಾಗಿರಲೆಂದು ತಾನು ಬೇಯುತ್ತಾನೆ.

ಕಲಾವಿದರೇ, ಮೊದಲ ಮಾತು ನಿಮಗೆ. ನಿಮ್ಮ ಕೃತಿಯ ವಿದ್ಯುತ್ತಿನ ಲೆಕ್ಕ ಬರೆಯಿರಿ. ಫ್ರಾನ್ಸಿನ ಜೋನಿ ಲೆಮರ್ಸಿಯರ್ ಜರ್ಮನಿಯ ಹಾಂಬಾಖ್ ಕಲ್ಲಿದ್ದಲು ಗಣಿಯ ವಿರುದ್ಧ ಬೆಳಕಿನ ಕಲೆಯಿಂದ ಹೋರಾಡಿದವರು. 2020ರ ಕೊನೆಯಲ್ಲಿ ತಮ್ಮ ಕೃತಿಗಳನ್ನು ಕ್ರಿಪ್ಟೊ ಕಲೆಯಾಗಿ, ಎಂದರೆ ಒಡೆತನವನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಡಿಜಿಟಲ್ ಕೃತಿಗಳಾಗಿ, ಮಾರಿದರು. ಕೆಲವೇ ಸೆಕೆಂಡುಗಳಲ್ಲಿ ಮುಗಿದ ಆ ಮಾರಾಟಕ್ಕೆ, ತಮ್ಮ ಇಡೀ ಸ್ಟುಡಿಯೊ ಎರಡು ವರ್ಷದಲ್ಲಿ ಬಳಸಿದ್ದಕ್ಕಿಂತ ಹೆಚ್ಚು ವಿದ್ಯುತ್ ಹೋಗಿದೆ ಎಂದು ಲೆಕ್ಕ ಹಾಕಿದಾಗ ಅವರು ಮುಚ್ಚಿಡಲಿಲ್ಲ. ಎಲ್ಲರೆದುರು ಹೇಳಿ, ಮುಂದಿನ ಮಾರಾಟವನ್ನು ಕೈಬಿಟ್ಟರು. ಮೆಮೊ ಆಕ್ಟೆನ್ ಎಂಬ ಕಲಾವಿದ ಅದೇ ಹೊತ್ತಿಗೆ ಇಂಥ ಮಾರಾಟಗಳ ಇಂಗಾಲದ ಭಾರವನ್ನು ಅಂಕಿಗಳಲ್ಲಿ ಬಿಚ್ಚಿಟ್ಟರು. ವಾದ ಬೆಳೆಯಿತು. 2022ರ ಸೆಪ್ಟೆಂಬರ್‌ನಲ್ಲಿ, ಇಂಥ ಮಾರಾಟಗಳು ನಡೆಯುತ್ತಿದ್ದ ಇಥೀರಿಯಂ ಜಾಲ ತನ್ನ ವಿಧಾನವನ್ನೇ ಬದಲಿಸಿ, ವಿದ್ಯುತ್ ಬಳಕೆಯನ್ನು ಶೇ 99ಕ್ಕೂ ಹೆಚ್ಚು ಇಳಿಸಿತು. ತಂತ್ರಜ್ಞಾನ ಬದಲಾಗಬಲ್ಲದು. ಪ್ರಶ್ನೆ ಕೇಳುವವರು ಬೇಕು, ಮತ್ತು ತಮ್ಮ ಕೃತಿಯಿಂದಲೇ ಪ್ರಶ್ನೆ ಶುರುಮಾಡುವ ನೈತಿಕ ಧೈರ್ಯ ಬೇಕು. 2025ರ ಮಾರ್ಚ್ ಕೊನೆಯಲ್ಲಿ ಎಲ್ಲರೂ ತಮ್ಮ ಫೋಟೊಗಳನ್ನು ಕೃತಕ ಬುದ್ಧಿಮತ್ತೆಯಿಂದ ಕಾರ್ಟೂನಾಗಿಸಿಕೊಂಡಾಗ, ಆ ಸೌಲಭ್ಯ ಕೊಟ್ಟ ಕಂಪನಿಯ ಮುಖ್ಯಸ್ಥರೇ ತಮ್ಮ ಯಂತ್ರಗಳು ಕರಗುತ್ತಿವೆ ಎಂದು ಬರೆದುಕೊಂಡರು. ನಮ್ಮಲ್ಲಿ ಅದು ಯುಗಾದಿಯ ಬಿಸಿಲಿನ ಹೊತ್ತು. ಪ್ರತಿ ಚಿತ್ರಕ್ಕೂ ಎಲ್ಲೋ ಒಂದು ಯಂತ್ರ ಕಾಯುತ್ತದೆ, ಅದನ್ನು ತಣಿಸಲು ಎಲ್ಲೋ ಒಂದಿಷ್ಟು ನೀರು ಖರ್ಚಾಗುತ್ತದೆ. ಗ್ಯಾಲರಿಯ ಗೋಡೆಯಲ್ಲಿ ಕೃತಿಯ ಹೆಸರು, ವರ್ಷ, ಅಳತೆ ಬರೆಯುವಲ್ಲಿ ಇನ್ನೊಂದು ಸಾಲು ಸೇರಿಸಿ: ಇದನ್ನು ರಚಿಸಲು, ತೋರಿಸಲು ಇಷ್ಟು ಯೂನಿಟ್ ವಿದ್ಯುತ್ ತಗುಲಿದೆ.

ಎರಡನೆಯದು, ಕೃತಿಯನ್ನು ಬಿಸಿಲಿದ್ದಲ್ಲಿಗೆ ಒಯ್ಯಿರಿ. ಹಗಲು ಮುಗಿದು ಜನ ಹೊರಬರುವ ಹೊತ್ತಿಗೆ ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ಒಂದು ಪರದೆ ಕಟ್ಟಿ. ಕಲಬುರಗಿಯ ಬಸ್ ನಿಲ್ದಾಣದ ಗೋಡೆಗೆ ಬೆಳಕು ಬಿಡಿ. ಅದೇ ಊರಿನ ಬಡಾವಣೆಯ ತಗಡಿನ ಮಾಡನ್ನು ತಾಪದ ಕ್ಯಾಮೆರಾದಲ್ಲಿ ಸೆರೆಹಿಡಿದು, ಪಕ್ಕದಲ್ಲೇ ಸುಣ್ಣ ಬಳಿದ ಮಾಡಿನ ಚಿತ್ರವನ್ನೂ ತೋರಿಸಿ. ವ್ಯತ್ಯಾಸವನ್ನು ಕಣ್ಣಾರೆ ಕಂಡ ತಾಯಿ ಮರುದಿನ ಪಾಲಿಕೆಗೆ ಹೋಗಿ ಸುಣ್ಣ ಕೇಳುತ್ತಾಳೆ. ಇಳಕಲ್ಲಿನ ನೇಕಾರರ ಜೊತೆ, ಕೌದಿ ಹೊಲಿಯುವ ಹೆಂಗಸರ ಜೊತೆ ಕುಳಿತು ಅವರದೇ ಊರಿನ ಬೇಸಿಗೆಗಳ ಪಟ್ಟೆ ಮೂಡಿಸಿ. ಅವರ ಕೈಕೆಲಸಕ್ಕೆ ಕೂಲಿ ಕೊಡಿ, ಕೃತಿಯಲ್ಲಿ ಅವರ ಹೆಸರಿರಲಿ. ಯಾರ ಬೆವರನ್ನು ತೋರಿಸುತ್ತೀರೋ ಅವರ ಒಪ್ಪಿಗೆ ಕೇಳಿ, ಮುಗಿದ ಕೃತಿಯನ್ನು ಮೊದಲು ಅವರಿಗೇ ತೋರಿಸಿ. ಅವರು ಒಪ್ಪದಿದ್ದರೆ ಅಳಿಸಿಬಿಡಿ.

ಜಾಹೀರಾತು ಫಲಕಗಳ ಒಡೆಯರಿಗೆ, ಮೆಟ್ರೊ ನಿಲ್ದಾಣ ನಡೆಸುವವರಿಗೆ, ನಗರಪಾಲಿಕೆಗಳಿಗೆ ಒಂದು ಮಾತು. ವೃತ್ತ ವೃತ್ತದಲ್ಲೂ ಹಗಲಿರುಳು ಹೊಳೆಯುವ ಎಲ್‌ಇಡಿ ಫಲಕಗಳು ನಿಮ್ಮಲ್ಲಿವೆ. ಮಾರ್ಚ್‌ನಿಂದ ಜೂನ್‌ವರೆಗೆ ಗಂಟೆಗೆ ಕೆಲವು ನಿಮಿಷ ಅವನ್ನು ಈ ಕೆಲಸಕ್ಕೆ ಬಿಟ್ಟುಕೊಡಿ. ಆ ವೃತ್ತದ ತಾಪ, ಹತ್ತಿರದ ನೆರಳು, ಹತ್ತಿರದ ಕುಡಿಯುವ ನೀರು, ಹತ್ತಿರದ ಆಸ್ಪತ್ರೆ, ಇಷ್ಟನ್ನು ಕನ್ನಡದಲ್ಲಿ ಕಲಾವಿದರು ಅಂದವಾಗಿ ತೋರಿಸಬಲ್ಲರು. ಫ್ಯಾನಿನ ಜಾಹೀರಾತಿಗೆ ಸಿಗುವ ಬೆಳಕು ಪ್ರಾಣ ಉಳಿಸುವ ಮಾತಿಗೂ ಸಿಗಲಿ.

ಸರ್ಕಾರಕ್ಕೆ ಕೇಳುವುದು ಇನ್ನೂ ಖಚಿತವಾಗಿರಬೇಕು. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮವರಿಗೆ ಗೊತ್ತಿದೆ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸಿಕೊಳ್ಳುವಂತಿಲ್ಲ. ಕತಾರ್‌ನಲ್ಲಿ 2021ರ ನಿಯಮದಂತೆ ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ 3.30ರವರೆಗೆ ನಿಷೇಧ. ಅದರ ಮೇಲೆ, ತಾಪ ತೇವ ಬಿಸಿಲುಗಳನ್ನು ಕೂಡಿಸಿದ ಅಳತೆ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕು. ಅಲ್ಲಿ ಕಾರ್ಮಿಕರ ಸ್ಥಿತಿ ಸುಖವೆಂದು ನಾನು ಹೇಳುತ್ತಿಲ್ಲ. ಒಂದು ಅಂಕಿಗೆ ಒಂದು ಹೊಣೆ ಕಟ್ಟಬಹುದು ಎಂದು ಹೇಳುತ್ತಿದ್ದೇನೆ. ಇಲ್ಲಿ ನೋಡಿದರೆ, 15ನೇ ಹಣಕಾಸು ಆಯೋಗದ ಅವಧಿಯ ವಿಪತ್ತು ಪರಿಹಾರದ ರಾಷ್ಟ್ರೀಯ ಪಟ್ಟಿಯಲ್ಲಿ ಶೀತಗಾಳಿಗೆ ಜಾಗವಿತ್ತು, ಬಿಸಿಗಾಳಿಗೆ ಇರಲಿಲ್ಲ. ರಾಜ್ಯಗಳು ತಮ್ಮ ಪಾಲಿನ ಒಂದಿಷ್ಟನ್ನು ಮಾತ್ರ ಅದಕ್ಕೆ ಬಳಸಬಹುದಿತ್ತು. ಆ ಪಟ್ಟಿಯ ಖಾಲಿ ಜಾಗವನ್ನೇ ಒಂದು ಕೃತಿಯಾಗಿಸಿ, ವಿಧಾನಸೌಧದ ಎದುರು ನಿಲ್ಲಿಸಿ. ನಮ್ಮ ಕೇಳಿಕೆಗಳು ಮೂರೇ. ತಾಪ ಇಷ್ಟು ದಾಟಿದರೆ ಹೊರಗೆಲಸ ನಿಲ್ಲಬೇಕು, ಆ ಹೊತ್ತಿನ ಕೂಲಿ ಕಡಿತವಾಗಬಾರದು, ಬಿಸಿಲಿಗೆ ಬಲಿಯಾದವರ ಮರಣಪತ್ರದಲ್ಲಿ ಬಿಸಿಲಿನ ಹೆಸರು ಬರಬೇಕು.

ಇನ್ನು ನೋಡುಗರು, ಎಂದರೆ ನಾವು. ಕಲೆ ನಮ್ಮ ಕಣ್ಣು ತೆರೆಸಿತು ಎಂದು ಹೇಳಿ ಮನೆಗೆ ಹೋಗುವ ಹಕ್ಕು ನಮಗಿಲ್ಲ. ಕಂಡ ಮೇಲೆ ಹೊಣೆ ಬಂತು. ನಮ್ಮ ಮನೆಯ ಗಾರೆ ಕೆಲಸ ಮಧ್ಯಾಹ್ನ ನಿಂತರೆ ನಾಲ್ಕು ದಿನ ತಡವಾದೀತು, ಆಗಲಿ. ಊಟ ತಂದ ಹುಡುಗನಿಗೆ ಒಂದು ಲೋಟ ನೀರು, ಎರಡು ನಿಮಿಷದ ನೆರಳು ಕೊಡಲು ಯಾವ ಯೋಜನೆಯೂ ಬೇಡ. ಅಪಾರ್ಟ್‌ಮೆಂಟಿನ ಕಾವಲುಗಾರನ ತಗಡಿನ ಗೂಡಿಗೆ ಸುಣ್ಣ ಬಳಿಸಲು ಈ ಭಾನುವಾರ ಸಾಕು. ಆದರೆ ಇಲ್ಲಿಗೇ ನಿಲ್ಲಬಾರದು. ದಯೆ ಒಬ್ಬನ ದಾಹ ತೀರಿಸುತ್ತದೆ. ಸಾವಿರ ಜನರಿಗೆ ನೆರಳಾಗಲು ಕಾನೂನೇ ಬೇಕು. ಗ್ಯಾಲರಿಯಲ್ಲಿ ತೆಗೆದ ಫೋಟೊ ಹಂಚಿಕೊಳ್ಳುವಾಗ ಅದರ ಕೆಳಗೆ ನಿಮ್ಮ ಶಾಸಕರಿಗೆ ಒಂದು ಪ್ರಶ್ನೆ ಬರೆಯಿರಿ: ನಮ್ಮ ಕ್ಷೇತ್ರದಲ್ಲಿ ಕೆಂಪು ಎಚ್ಚರಿಕೆ ಬಂದ ದಿನ ಏನಾಗುತ್ತದೆ? ಉತ್ತರ ಬರುವವರೆಗೆ ಕೇಳುತ್ತಲೇ ಇರಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ ಹಿರಿಯರು. ಈಗ ಅದು ಅಷ್ಟು ದಿನವೂ ಕಾಯುವುದಿಲ್ಲ. ಮುಂದಿನ ಬೇಸಿಗೆ ಬರುವುದು ಖಂಡಿತ, ಅದು ಯಾರ ಮನೆಯ ಬಾಗಿಲು ಬಡಿಯುತ್ತದೆ ಎಂಬುದೂ ನಮಗೆ ಗೊತ್ತು. ಗೊತ್ತಿದ್ದೂ ಕೈಕಟ್ಟಿ ಕೂತರೆ ಅದು ಅಜ್ಞಾನವಲ್ಲ, ಪಾಲುದಾರಿಕೆ. ಆದ್ದರಿಂದ ಗೆಳೆಯರೇ, ಪರದೆಯ ಮೇಲೆ ಕೆಂಪು ಬಳಿಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈ ಬಣ್ಣ ಕಂಡ ದಿನ ಯಾರು ಏಳಬೇಕು, ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ಮಾಡದಿದ್ದರೆ ಯಾರಿಗೆ ಉತ್ತರ ಕೊಡಬೇಕು ಎಂದು ಅದರಲ್ಲಿ ಬರೆಯಿರಿ. ಅದನ್ನು ಕೃತಿಯ ಪಕ್ಕದಲ್ಲೇ ತೂಗುಹಾಕಿ. ಕಲಾವಿದರು ಸಹಿ ಹಾಕಿ, ನೋಡಲು ಬಂದ ನಾವೂ ಸಹಿ ಹಾಕುತ್ತೇವೆ. ಆ ಹಾಳೆಯನ್ನು ಹಿಡಿದು ಬೇಸಿಗೆಗೆ ಮೊದಲೇ ಜಿಲ್ಲಾಧಿಕಾರಿಯ ಕಚೇರಿಗೆ ಹೋಗೋಣ.